ಬ್ರಂಚ್ ಮತ್ತು ಅತ್ತೆಯ ಒಪ್ಪೊತ್ತು

ಬಳ್ಳಾರಿಯ ದಂಡಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಇಂಗ್ಲಿಷ್ ದೊರೆಗಳ ಬಾಯಲ್ಲಿ ಹೊಸ ಮಾತೊಂದು ಕೇಳಿದೆ: ಬ್ರಂಚ್. ಬೆಳಗಿನ ಬ್ರೇಕ್‌ಫಾಸ್ಟನ್ನೂ ಮಧ್ಯಾಹ್ನದ ಲಂಚನ್ನೂ ಬೆಸೆದು ಕಟ್ಟಿದ ಪದ. ತಡವಾಗಿ ಏಳುವ ಸೋಮಾರಿಗಳು ಎರಡನ್ನೂ ಸೇರಿಸಿ ಒಮ್ಮೆಗೇ ಉಣ್ಣುವ ಊಟಕ್ಕೆ ಆ ಹೆಸರು. ಭಾನುವಾರ ಕುರುಗೋಡಿಗೆ ಹೋದಾಗ, ನನ್ನನ್ನು ಸಾಕಿದ ಸೋದರತ್ತೆಗೆ ಅದನ್ನು ಹೇಳಿದೆ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ಆಕೆ ಅಂದಿನಿಂದ ಪೂಜೆ ಮುಗಿಸಿ ದಿನಕ್ಕೊಂದೇ ಹೊತ್ತು ಉಣ್ಣುತ್ತಿದ್ದಳು.

"ಎರಡೂ ಕೂಡಿ ಒಂದ ಸಲ ಉಣ್ತಾರಂತ?" ಎಂದು ನಕ್ಕಳು. "ನಾ ದಿನಾ ಅದನ್ನ ಉಣ್ಣಾಕತ್ತೀನಲ್ಲಪ್ಪ."

ನಾನೂ ನಕ್ಕೆ.

ನನ್ನ ಎಲೆಗೆ ಇನ್ನಷ್ಟು ಅನ್ನ ಬಡಿಸುತ್ತ ಕೇಳಿದಳು: "ರಾತ್ರಿ ಹಸಿವಾದ್ರ ಅವರು ಏನ್ ಮಾಡ್ತಾರ?"

"ಮತ್ತ ಉಣ್ತಾರತ್ತಿ."

"ಹೌದೇನು," ಎಂದು ಅನ್ನದ ಪಾತ್ರೆ ಮುಚ್ಚಿದಳು. "ಉಣ್ಲಿ ಬಿಡು, ಪಾಪ."