ಮಾಯಮ್ಮ ಇಂಗ್ಲಿಷ್ ಪಾಸಾದ ವರ್ಷ

ಹೊಳೆನರಸೀಪುರಕ್ಕೆ ಹತ್ತಿರದ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಮಾಯಮ್ಮ ಸಹಾಯಕಿಯಾಗಿದ್ದಳು. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಉಪ್ಪಿಟ್ಟು ಬೇಯಿಸುವುದು, ಮೂಗು ಒರೆಸುವುದು ಅವಳ ಕೆಲಸ. ಅವಳಿಗೋ ಅಲ್ಲೇ ಟೀಚರ್ ಆಗುವ ಆಸೆ. ಅದಕ್ಕೆ ಎಸ್ಸೆಸ್ಸೆಲ್ಸಿ ಆಗಿರಬೇಕಿತ್ತು. ಮದುವೆಗೆ ಮುಂಚೆ ಬರೆದಾಗ ಉಳಿದೆಲ್ಲ ಪಾಸಾಗಿ ಇಂಗ್ಲಿಷ್ ಒಂದು ಹೋಗಿತ್ತು. 1998ರಲ್ಲಿ, ಮಗಳು ಕವನಾ ಶಾಲೆಗೆ ಸೇರಿದ ಮೇಲೆ, ಮತ್ತೆ ಪರೀಕ್ಷೆ ಕಟ್ಟುತ್ತೇನೆಂದು ಗಂಡ ಚೆನ್ನಯ್ಯನಿಗೆ ಹೇಳಿದಳು. ಅವನು ಕಟ್ಟು ಅಂದ. ಅತ್ತೆ ಮಾತ್ರ, ಈ ವಯಸ್ಸಲ್ಲಿ ಫೇಲಾದರೆ ಕೇರಿಯವರು ನಗುತ್ತಾರೆಂದು ಗೊಣಗಿದಳು.

ಭಾನುವಾರಗಳಂದು ಪೇಟೆಯಲ್ಲಿದ್ದ ನಿವೃತ್ತ ಶಿಕ್ಷಕಿ ಚೂಡಾಮಣಿಯವರ ಮನೆಗೆ ಪಾಠಕ್ಕೆ ಹೋಗತೊಡಗಿದಳು. ಒಂದು ದಿನ ಪಾಠದಲ್ಲಿ ‘ಕ್ಲೋಸ್-ನಿಟ್’ ಎಂಬ ಪದ ಬಂತು. ನಿಟ್ ಅಂದರೆ ಹೆಣೆಯುವುದು, ಸ್ವೆಟರಿನ ಎಳೆಗಳ ಹಾಗೆ ಒತ್ತಾಗಿ ಸೇರಿಕೊಂಡು ಬಾಳುವವರಿಗೆ ಈ ಮಾತು ಎಂದು ಚೂಡಾಮಣಿ ವಿವರಿಸಿದರು. ಕುಟುಂಬ, ಊರು, ಗೆಳೆಯರ ಗುಂಪು, ಇಂಥವಕ್ಕೆ ಹೇಳಬಹುದು, ಒಬ್ಬರಿಗೆ ಹೇಳುವಂತಿಲ್ಲ. ಸ್ವಂತ ವಾಕ್ಯ ಮಾಡು ಎಂದರು.

“ನಮ್ ಕೇರಿಗಂತೂ ಹೇಳಕಾಗಲ್ಲ ಬಿಡಿ ಮೇಡಂ. ದಿನಾ ಕಚ್ಚಾಡ್ತೀವಿ,” ಅಂದಳು ಮಾಯಮ್ಮ. ಪಕ್ಕದ ಮನೆಯ ಬೋರಪ್ಪನಿಗೂ ಅವಳ ಮನೆಗೂ ಚರಂಡಿಯ ಜಗಳವಾಗಿ ವರ್ಷದಿಂದ ಮಾತಿರಲಿಲ್ಲ.

“ಜಗಳ ಆಡಬಾರದು ಅಂತ ಆ ಪದದಲ್ಲಿ ಎಲ್ಲಿದೆ?” ಎಂದರು ಚೂಡಾಮಣಿ. ಮಾಯಮ್ಮ ಉಳಿದ ಪದಗಳಿಗೆ ವಾಕ್ಯ ಬರೆದಳು. ಆ ವಾಕ್ಯವೊಂದನ್ನು ಖಾಲಿ ಬಿಟ್ಟು ಮನೆಗೆ ಬಂದಳು.

ಪರೀಕ್ಷೆಯ ಹಿಂದಿನ ಸಂಜೆ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿಯಿತು. ಚೆನ್ನಯ್ಯ ಅವಳನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ದ. ಬೆಳಿಗ್ಗೆ ಮಾಯಮ್ಮ ಪರೀಕ್ಷೆಯ ಆಸೆ ಬಿಟ್ಟು, ಆಸ್ಪತ್ರೆಗೆ ಊಟ ಒಯ್ಯಲೆಂದು ಒಲೆ ಹೊತ್ತಿಸಿದಳು. ಎದುರು ಮನೆಯ ಮಂಚಮ್ಮ ಒಳಗೆ ಬಂದವಳೇ ಅವಳ ಕೈಯಿಂದ ಮುದ್ದೆಕೋಲು ಕಿತ್ತುಕೊಂಡಳು. ಊಟ ತಾನೇ ಒಯ್ಯುತ್ತೇನೆ, ಕವನಾ ತನ್ನ ಮನೆಯಲ್ಲಿರಲಿ, ನೀನು ಎದ್ದು ಹೊರಡು ಎಂದಳು. ಹೊರಗೆ ನೋಡಿದರೆ ಯಾರೋ ಆಗಲೇ ಇವಳ ಮನೆಯ ಹಸುವನ್ನು ಮೇಯಲು ಹೊಡೆದುಕೊಂಡು ಹೋಗಿದ್ದರು.

ರಸ್ತೆಗೆ ಓಡಿಬರುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಏನು ಮಾಡುವುದೆಂದು ತಿಳಿಯದೆ ನಿಂತಿದ್ದಾಗ ಬೋರಪ್ಪನ ಮೊಪೆಡ್ ಬಂದು ಪಕ್ಕದಲ್ಲಿ ನಿಂತಿತು. ಅವನು ಮುಖ ತಿರುಗಿಸದೆಯೇ, “ಅತ್ಕೊ ಮಾಯಮ್ಮ. ಬೇರೆ ಮಾತೇನಿದ್ರೂ ಆಮೇಲ್ ನೋಡ್ಕಳನ,” ಅಂದ.

ಗಂಟೆ ಹೊಡೆಯುವ ಮುಂಚೆ ಅವಳು ಪರೀಕ್ಷಾ ಕೊಠಡಿಯೊಳಗಿದ್ದಳು. ಮೊದಲು ಪ್ರಶ್ನೆಪತ್ರಿಕೆಯನ್ನು ಕೊನೆಯವರೆಗೂ ಓದಿದಳು. ಆಮೇಲೆ ಪೆನ್ನು ನಿಲ್ಲಲಿಲ್ಲ. ಹೊರಬಂದಾಗ ಬೋರಪ್ಪ ಬೇವಿನ ಮರದಡಿ ಇನ್ನೂ ಕಾದಿದ್ದ.

ಅತ್ತೆ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಕೇರಿಯ ಹೆಂಗಸರು ಸರದಿಯ ಮೇಲೆ ಹಾಸನಕ್ಕೆ ಊಟ ಕೊಂಡೊಯ್ದರು. ಅತ್ತೆ ಮನೆಗೆ ಬಂದ ಮೇಲೆ ಮಾಯಮ್ಮ ಚೂಡಾಮಣಿಯವರಲ್ಲಿಗೆ ಹೋಗಿ, ಕೂರುವ ಮೊದಲೇ, “ಅವರ್ಸ್ ಈಸ್ ಎ ಕ್ಲೋಸ್-ನಿಟ್ ಸ್ಟ್ರೀಟ್, ಮೇಡಂ,” ಅಂದಳು. ಹಾಗಂದರೇನು, ಕನ್ನಡದಲ್ಲಿ ಹೇಳು ಎಂದರು ಅವರು.

“ಮಾತ್ ಬಿಟ್ರೂ ಕೈ ಬಿಡಾಕಿಲ್ಲ, ಅಂತ.”

ಚೂಡಾಮಣಿ ನಕ್ಕು, ವಾಕ್ಯ ಸರಿಯಾಗಿದೆ ಎಂದು ಕಾಫಿಗೆ ನೀರಿಟ್ಟರು.

ಮಾಯಮ್ಮ ಪಾಸಾದಳು. ಕೇರಿಯವರು ನಗುತ್ತಾರೆಂದಿದ್ದ ಅತ್ತೆ ಆ ದಿನ ಹೋಗಿಬರುವವರನ್ನೆಲ್ಲ ಕೂಗಿ ಕರೆದು ಸುದ್ದಿ ಹೇಳಿದಳು. ಮರುವರ್ಷ ಮಾಯಮ್ಮನಿಗೆ ಅದೇ ಅಂಗನವಾಡಿಯಲ್ಲಿ ಟೀಚರ್ ಕೆಲಸವೂ ಸಿಕ್ಕಿತು. ಮೊದಲ ದಿನ ಅವಳು ಕರಿಹಲಗೆಯ ಮೇಲೆ ದೊಡ್ಡದಾಗಿ ‘ಅ’ ಬರೆದು ಗಟ್ಟಿಯಾಗಿ ಓದಿದಳು. ಮಕ್ಕಳು ಅದಕ್ಕಿಂತ ಗಟ್ಟಿಯಾಗಿ ಕೂಗಿದರು. ಕೋಲೂರಿಕೊಂಡು ಬಂದಿದ್ದ ಅತ್ತೆ, ‘ಅಃ’ ಬರುವವರೆಗೂ ಬಾಗಿಲು ಬಿಟ್ಟು ಕದಲಲಿಲ್ಲ.