ಹೊರಬಾಗಿಲು ನೋಡುವ ಡಬ್ಬದಕ್ಕ

ಇನ್ನೂ ಬೆಳಕು ಹರಿದಿಲ್ಲ. ಎರಡನೇ ಮಹಡಿಯ ಮನೆಯೊಂದರಲ್ಲಿ ಇಬ್ಬರು ಹೆಂಗಸರು ಕಂಪ್ಯೂಟರಿನೆದುರು ಕೈಕಟ್ಟಿ ಕೂತಿದ್ದಾರೆ. ಮೌಸನ್ನು ಯಾರೂ ಮುಟ್ಟಿಲ್ಲ. ಪರದೆಯ ಮೇಲೆ ಒಂದು ಮನೆಯ ನಕ್ಷೆಯಿದೆ. ಇದ್ದಕ್ಕಿದ್ದಂತೆ ನಕ್ಷೆ ಮಾಯವಾಗುತ್ತದೆ. ಬೀಗ ಬಿದ್ದ ಪರದೆಯ ನಡುವೆ ಈ ಮನೆಯ ಯಜಮಾನರ ಹೆಸರು ಮೂಡುತ್ತದೆ. ಯಜಮಾನರು ತೀರಿಕೊಂಡು ವರ್ಷವಾಗುತ್ತ ಬಂದಿದೆ.

"ನೋಡ್ದ್ಯಾ? ಬಂದ್ರು," ಎನ್ನುತ್ತಾರೆ ಮನೆಯಾಕೆ, ಹಾಲಿನವನು ಬಂದ ಎನ್ನುವಷ್ಟು ಸಲೀಸಾಗಿ.

ಪಕ್ಕದಲ್ಲಿ ಕೂತ ಡಬ್ಬದಕ್ಕನ ಮೈ ಜುಮ್ಮೆನ್ನುತ್ತದೆ. ಹೀಗೆ ಆಗುವುದು ಏಕೆಂದು ಆಕೆಗೆ ಗೊತ್ತು. ಗೊತ್ತಿದ್ದೂ ಜುಮ್ಮೆನ್ನುತ್ತದೆ.

ಹಳೆಯ ಕಂಪ್ಯೂಟರುಗಳನ್ನು ಪೂರ್ತಿ ಅಳಿಸಿ, ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕಿಕೊಡುವುದು ಈಕೆಯ ಕಸುಬು. ಜೆರಾಕ್ಸ್ ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯೇ ಕಾರ್ಯಾಗಾರ. ಕಂಕುಳಲ್ಲಿ ಸಿಪಿಯು ಇರುಕಿಕೊಂಡು ಓಡಾಡುವುದನ್ನು ಕಂಡು ಬೀದಿಯವರು ಇಟ್ಟ ಹೆಸರು ಡಬ್ಬದಕ್ಕ. ಮೊದಲು ಕಂಪನಿಯೊಂದರಲ್ಲಿದ್ದಳು, ಕೂತಲ್ಲಿಂದಲೇ ದೂರದ ಗಿರಾಕಿಗಳ ಯಂತ್ರದೊಳಗೆ ಹೊಕ್ಕು ರಿಪೇರಿ ಮಾಡುವ ಕೆಲಸ. ಕಂಪನಿ ಮುಚ್ಚಿತು, ಸೊಂಟನೋವು ಉಳಿಯಿತು. ಈಗ ದಿನಕ್ಕೆ ನಾಲ್ಕೈದು ಯಂತ್ರ ಕೈಗೆ ಬರುತ್ತವೆ. ಸರಿಹೋದರೆ ಯಾರೂ ನೆನೆಯುವುದಿಲ್ಲ, ಕೆಟ್ಟರೆ ಮಾತ್ರ ಊರೆಲ್ಲ ಅವಳ ಹೆಸರು.

ಆ ಸಿಸ್ಟಂನಲ್ಲಿ ಎರಡು ಬಗೆ; ಬಂದವರೆಲ್ಲ ಕೇಳುವುದು ಒಂದೇ: ಹೋಮ್ ಹಾಕಿಸಲೋ, ಪ್ರೊಫೆಷನಲ್ ಹಾಕಿಸಲೋ? ಮೊನ್ನೆ ಪಕ್ಕದ ಬೀದಿಯ ಕ್ಷೌರಿಕ, "ಪ್ರೊಫೆಷನಲ್ಲೇ ಹಾಕಕ್ಕ, ಮರ್ಯಾದೆ ಪ್ರಶ್ನೆ," ಎಂದ. "ಇಸ್ಪೀಟ್ ಆಡೋಕೆ ಪ್ರೊಫೆಷನಲ್ ಯಾಕಣ್ಣ? ಇರುವೆ ಹೊಡೆಯೋಕೆ ಒನಕೆ ಬೇಕಾ?" ಎಂದಳು. ಆಮೇಲೆ ಎಲ್ಲರಿಗೂ ಹಾಕುವ ಪ್ರಶ್ನೆಯನ್ನು ಅವನಿಗೂ ಹಾಕಿದಳು: "ನೀನಲ್ದೆ ಇದರೊಳಗೆ ಇನ್ಯಾರು ಬರ್ತಾರೆ?"

ಪ್ರಶ್ನೆಗೆ ಕಾರಣವಿದೆ. ಬೇರೆಲ್ಲೋ ಕೂತವರು ಹೊರಗಿನಿಂದ ಪ್ರವೇಶಿಸಿ ಇಡೀ ಯಂತ್ರವನ್ನು ನಡೆಸುವ ಬಾಗಿಲು ಪ್ರೊಫೆಷನಲ್‌ನಲ್ಲಿ ಕಟ್ಟುವಾಗಲೇ ಇದೆ. ಹೋಮ್‌ನಲ್ಲಿ ಅದಿಲ್ಲ. ಹಾಗಾಗಿ ಡಬ್ಬದಕ್ಕ ಯಾವ ಯಂತ್ರವನ್ನೂ ಕಣ್ಣುಮುಚ್ಚಿ ಅಳಿಸುವುದಿಲ್ಲ. ಅದು ಇರುವ ಮನೆಗೇ ಹೋಗಿ, ಅದು ಎಚ್ಚರವಾಗುವ ಹೊತ್ತಿಗೆ ಒಮ್ಮೆ ಎದುರು ಕೂರುತ್ತಾಳೆ. "ಹೆಣ ಕಾಯೋಳ ಥರ ಕೂತ್ಕೋತೀಯಲ್ಲೇ," ಎಂದು ಅತ್ತೆ ಬೈಯುವುದುಂಟು.

ಈ ಮನೆಗೆ ಅವಳನ್ನು ಕರೆಸಿದವಳು ಮನೆಯಾಕೆಯ ಮಗಳು. "ಅಮ್ಮ ಬೆಳಗಾದ್ರೆ ಡಬ್ಬದ ಜೊತೆ ಮಾತಾಡ್ತಾಳೆ. ಎಲ್ಲ ಅಳಿಸಿ ಹೋಮ್ ಹಾಕಿಬಿಡಿ," ಎಂಬುದು ಅವಳ ಅಳಲು. ತಾಯಿಯದು ಬೇರೆಯೇ ಹಟ. ಯಜಮಾನರು ಮನೆಗಳ ನಕ್ಷೆ ಬರೆಯುತ್ತಿದ್ದವರು. ಕೈ ನಡುಗತೊಡಗಿದ ಮೇಲೆ ಅವರು ಹೇಳಿದಂತೆ ಗೆರೆ ಎಳೆಯುತ್ತಿದ್ದವರು ಹೆಂಡತಿಯೇ. ತಮಗಾಗಿ ಬರೆದ ಮನೆಯನ್ನು ಮುಗಿಸದೆ ಯಜಮಾನರು ಹೋದರು.

"ಅಡುಗೆಮನೆ ಕಿಟಕಿ ಉತ್ತರಕ್ಕೆ ಬೇಕು ಅಂತ ನಾನು, ಪೂರ್ವಕ್ಕೇ ಇರ್ಲಿ ಅಂತ ಅವ್ರು. ಈಗ್ಲೂ ಅದೇ ಜಗಳ ಕಣೆ," ಎಂದು ಆಕೆ ನಗುತ್ತಾರೆ. "ನಾನು ಸರಿಸ್ತೀನಿ, ಬೆಳಿಗ್ಗೆ ಬಂದು ವಾಪಸ್ ಇಡ್ತಾರೆ. ಹೋಮ್ ಹಾಕಿದ್ರೆ ಎಲ್ಲಿಂದ ಬರ್ತಾರೆ?"

ಡಬ್ಬದಕ್ಕ ಯಂತ್ರದ ದಾಖಲೆ ತೆಗೆದು, ಒಳಬಂದವರ ಜಾಡು ಹಿಡಿಯುತ್ತಾಳೆ. ಅದು ಯಜಮಾನರ ಹಳೆಯ ಆಫೀಸಿಗೆ ಹೋಗಿ ನಿಲ್ಲುತ್ತದೆ. ಫೋನು ಮಾಡಿದರೆ ಎತ್ತುವವರು ಅವರ ಕೈಕೆಳಗೇ ತಲೆ ನರೆತ ಶಿಷ್ಯ. ಗುರುಗಳ ಕೊನೆಯ ಮನೆಯನ್ನು ಮುಗಿಸಬೇಕೆಂದು, ಅವರು ಕೊಟ್ಟಿದ್ದ ಪಾಸ್‌ವರ್ಡಿನಿಂದಲೇ ದಿನವೂ ಬರುತ್ತಿದ್ದಾರೆ.

"ಮುಚ್ಚಬೇಡಿ ಅಕ್ಕ," ಎಂದು ಅವರು ದನಿ ತಗ್ಗಿಸುತ್ತಾರೆ. "ಸಾರ್ ಇನ್ನೂ ತಿದ್ತಾ ಇದಾರೆ. ನಾನು ಪೂರ್ವಕ್ಕಿಟ್ಟ ಕಿಟಕಿ ಮಾರನೇ ದಿನ ಉತ್ತರಕ್ಕೆ ಹೋಗಿರತ್ತೆ."

ಹೊರಗಿನವರು ಒಳಗಿದ್ದಾಗ ಇಲ್ಲಿ ಕೂತವರಿಗೆ ಪರದೆ ಕಾಣುವುದಿಲ್ಲ. ಹಾಗಾಗಿ ಮನೆಯಾಕೆ, ಶಿಷ್ಯ ಒಬ್ಬರಿಗೊಬ್ಬರು ಎದುರಾಗಲೇ ಇಲ್ಲ. ಇಬ್ಬರೂ ತೀರಿಹೋದವರ ಜೊತೆಗೇ ಜಗಳವಾಡುತ್ತಿದ್ದರು. ಹೇಳಿದರೆ ಇಬ್ಬರಿಂದಲೂ ಅವರನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಹಳೆಯ ಪಾಸ್‌ವರ್ಡಿನ ಬಾಗಿಲು ತೆರೆದೇ ಇರುತ್ತದೆ, ನಾಳೆ ಯಾರಾದರೂ ನುಗ್ಗಬಹುದು. ಡಬ್ಬದಕ್ಕ ಫೋನನ್ನು ಮನೆಯಾಕೆಯ ಕೈಗೆ ಕೊಡುತ್ತಾಳೆ.

"ಕಿಟಕಿ ಸರಿಸ್ತಿದ್ದಿದ್ದು ನಾನು ಕಣಪ್ಪ," ಎನ್ನುತ್ತಾರೆ ಆಕೆ, ಎಲ್ಲ ಕೇಳಿಸಿಕೊಂಡ ಮೇಲೆ.

ಆ ಕಡೆಯಿಂದ ಪ್ರಶ್ನೆ: "ಹಾಗಾದ್ರೆ ಅಮ್ಮ, ಕಿಟಕಿ ಹೊರಗಡೆ ಕಲ್ಲುಬೆಂಚು ಬರೆದಿದ್ದೂ ನೀವೇನಾ?"

"ನಾನ್ಯಾಕೆ ಬರೀಲಿ? ನೀನಲ್ವಾ?"

"ನಾನಲ್ಲಮ್ಮ."

ಡಬ್ಬದಕ್ಕ ಮತ್ತೆ ದಾಖಲೆ ಜಾಲಾಡುತ್ತಾಳೆ. ಬಂದವರು ಇಬ್ಬರೇ, ಮೂರನೆಯವರ ಜಾಡಿಲ್ಲ. ನಕ್ಷೆಯಲ್ಲಿ ಮಾತ್ರ ಬೆಂಚು ಇದೆ, ಇಬ್ಬರು ಕೂರುವಷ್ಟು ಉದ್ದ. ಅದರ ಗೆರೆ ತುಸು ಅಂಕುಡೊಂಕು, ನಡುಗುವ ಕೈಯಲ್ಲಿ ಎಳೆದಂತೆ.

ಮನೆಯಾಕೆ ಅದನ್ನು ನೋಡುತ್ತ ಕೂರುತ್ತಾರೆ. ಹೊರಗೆ ಬೆಳಕಾಗಿದೆ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೋಮೇ ಹಾಕಮ್ಮ," ಎನ್ನುತ್ತಾರೆ. "ಮನೆಯೋರಿಗೆ ಹೊರಗಿಂದ ಬರೋ ದರ್ದೇನು?"

ಮಧ್ಯಾಹ್ನದೊಳಗೆ ಕೆಲಸ ಮುಗಿದಿದೆ. ನಕ್ಷೆಯ ಒಂದು ಪ್ರತಿ ಮನೆಯಾಕೆಗೆ, ಒಂದು ಶಿಷ್ಯನಿಗೆ. ಆ ಬೆಂಚು ಯಾರದೆಂದು ಕೇಳಿದರೆ ಡಬ್ಬದಕ್ಕ ಚೀಲದ ಜಿಪ್ ಎಳೆಯುತ್ತ ತಲೆಯಲ್ಲಾಡಿಸುತ್ತಾಳೆ.

"ನಂಗೊತ್ತಿಲ್ಲ. ಅಳಿಸೋದೇ ನನ್ ಕಸುಬು. ಕಾಪಿ ಮಾಡೋವಾಗ ಅದೊಂದನ್ನ ಮಾತ್ರ ಅಳಿಸೋಕೆ ಹೋಗ್ಲಿಲ್ಲ."