ನೀರುಗಂಟಿಯ ಮಗಳ ಎರಡನೇ ವರದಿ

ತಿ. ನರಸೀಪುರದ ಸುತ್ತ ಹೊಸ ಬಡಾವಣೆ ಮಾಡುವವರಿಗೆ ಯಶೋಧರಾ ಎಂದರೆ ತಲೆನೋವು. ಮಳೆ ಬರುವಾಗ ಒಮ್ಮೆ ಹೋಗಿ ನಿಂತು ನೋಡದೆ ಅವಳು ಯಾವ ಜಾಗದ ಮೇಲೂ ಪರಿಸರ ವರದಿ ಬರೆಯುವುದಿಲ್ಲ. ಅವಳು ನಿಧಾನ ಎಂದು ಗೊಣಗುವವರ ಮುಂದೆ ನನಗೆ ೨೦೦೪ರ ಮೇ ತಿಂಗಳ ಕಥೆ ಹೇಳಬೇಕೆನಿಸುತ್ತದೆ.

ಆಗ ನಾವು ನಂಜನಗೂಡಿನಲ್ಲಿದ್ದೆವು. ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ನನಗೆ ಆ ಊರಿನ ನೀರು, ಗಾಳಿ, ಸೊಳ್ಳೆ ಎಲ್ಲವೂ ಭಯ. ಒಂದೂವರೆ ವರ್ಷದ ಮಗಳು ಲಿಖಿತಾಗೆ ಕೊಡುವ ನೀರನ್ನು ಎರಡು ಸಲ ಕುದಿಸಿ, ಅದೂ ಸಾಲದೆಂದು ಬಟ್ಟೆಯಲ್ಲಿ ಸೋಸುತ್ತಿದ್ದೆ. ಮಹಡಿಯ ಕೋಣೆಯಲ್ಲಿ ಯಶೋಧರಾ ಬಾಡಿಗೆಗಿದ್ದಳು. ಕವಲಂದೆ ಕಡೆಯವಳು. ಅಪ್ಪ ಚಲುವಯ್ಯ ಊರಿನ ಕೆರೆಗೆ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಬಿಡುವವರು. ಮಗಳು ದಿನಾ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಪರಿಸರ ಯೋಜನೆಯಲ್ಲಿ ಸ್ನಾತಕೋತ್ತರ ಓದುತ್ತಿದ್ದಳು.

"ಏನು ಕಲಿಸ್ತಾರೆ ಅದರಲ್ಲಿ?" ಎಂದು ಒಮ್ಮೆ ಕೇಳಿದ್ದೆ.

"ಯಾವುದನ್ನ ಎಲ್ಲಿ ಇಡಬಾರದು ಅಂತ ಅಕ್ಕ," ಎಂದಿದ್ದಳು.

ಅವಳ ಕೊನೆಯ ವರ್ಷದ ಪ್ರಬಂಧ ಹತ್ತಿರದ ಪಟ್ಟಣವೊಂದರ ಕಸ ಹಾಕುವ ಜಾಗದ ಬಗ್ಗೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ನಾನೇ ಟೈಪ್ ಮಾಡಿಕೊಟ್ಟೆ. ಅಲ್ಲಿನ ಪುರಸಭೆ ಕಚೇರಿಯವರು ಮೂರು ಜಾಗ ತೋರಿಸಿದ್ದರು. ಇಳಿಜಾರು, ಮಣ್ಣು, ಮನೆಗಳಿಂದ ದೂರ ಎಂದು ಒಂದೊಂದಕ್ಕೂ ಅಂಕ ಕೊಟ್ಟು ಕೂಡಿದರೆ ಎರಡನೇ ಜಾಗವೇ ಮೊದಲು. ಕಲ್ಲುಗುಡ್ಡೆ, ಒಣ ಭೂಮಿ. ಜೂನ್ ಹತ್ತಕ್ಕೆ ಮೌಖಿಕ ಪರೀಕ್ಷೆ. ಅದಾದರೆ ಮೈಸೂರಿನ ಒಂದು ಸಲಹಾ ಸಂಸ್ಥೆಯಲ್ಲಿ ಕೆಲಸ ಕಾದಿತ್ತು. ಜುಲೈ ಒಂದಕ್ಕೆ ಡಿಗ್ರಿ ಕೈಯಲ್ಲಿರಬೇಕು ಎಂಬುದೊಂದೇ ಷರತ್ತು. ಅವರ ಮನೆತನದಲ್ಲಿ ಅಂಥ ಕೆಲಸ ಯಾರಿಗೂ ಸಿಕ್ಕಿರಲಿಲ್ಲ.

ಮೇ ಕೊನೆಯಲ್ಲಿ ಚಲುವಯ್ಯ ಬಂದರು. ಮಗಳು ಆರಿಸಿದ ಜಾಗ ನೋಡಬೇಕೆಂದು ಅವಳೊಂದಿಗೆ ಹೋಗಿ ಬಂದು ನಮ್ಮ ಜಗುಲಿಯ ಮೇಲೆ ಕುಳಿತರು. ನಾನು ಕಾಫಿ ಕೊಟ್ಟೆ.

"ಮಳೇಲಿ ನೋಡಿದ್ಯಾ ಮಗ ಅದ?" ಎಂದು ಮಗಳನ್ನು ಕೇಳಿದರು.

"ಮೂರು ವರ್ಷದಿಂದ ಮಳೆ ಎಲ್ಲಪ್ಪ ಬಂದದೆ? ನಕ್ಷೇಲಿ ಇಳಿಜಾರು ಮೂಡಲಿಗೇ ಅದೆ."

ಚಲುವಯ್ಯ ನನ್ನ ಕಡೆ ತಿರುಗಿದರು. "ಕೇಳಿದ್ರಾ ಅವ್ವಾ? ನೀರ್ಗಂಟಿ ಮಗಳು ಕಾಗ್ದದ ಮ್ಯಾಲೆ ನೀರು ಬುಟ್ಟವಳೆ." ಆಮೇಲೆ ನಗು ಬಿಟ್ಟು ಹೇಳಿದರು: "ಅಲ್ಲಿ ರೋಡಿನಡಿ ಒಂದು ಮೋರಿ ಅದೆ. ಅದ್ರ ಬಾಯಿ ಪಡುವಲಿಗೆ ತಿರ್ಗದೆ. ಆ ಕಡೆ ಮಳೆನೀರು ನಿಲ್ಲೋ ಒಂದು ಕಟ್ಟೆ, ಕಟ್ಟೆ ಪಕ್ಕ ಕುಡಿಯೋ ನೀರಿನ ಬಾವಿ."

ಅವಳ ಮುಖ ಸಣ್ಣದಾಯಿತು. ಆ ಮೋರಿ ಅವಳ ನಕ್ಷೆಯಲ್ಲಿರಲಿಲ್ಲ.

ಗದ್ದೆಯ ನೀರು ಎಲ್ಲಿ ಕದ್ದು ಹೋಗುತ್ತಿದೆ ಎಂದು ಪತ್ತೆ ಮಾಡಲು ನೀರುಗಂಟಿಗಳು ತೂಬಿನ ಬಾಯಲ್ಲಿ ಬತ್ತದ ಹೊಟ್ಟು ಬಿಟ್ಟು, ಅದು ತೇಲಿ ಎಲ್ಲಿ ಬರುವುದೋ ನೋಡುತ್ತಾರಂತೆ. ಚಲುವಯ್ಯ ಒಂದು ಚೀಲ ಹೊಟ್ಟು ತರಿಸಿ, ಬೇರೆ ಕಸದಲ್ಲಿ ಕಲೆತು ಹೋಗದಿರಲೆಂದು ಅದಕ್ಕೆ ಅರಿಶಿನ ಬೆರೆಸಿದರು. ನಾಲ್ಕನೇ ದಿನ ಮಧ್ಯಾಹ್ನ ಜೋರು ಮಳೆ ಬಂತು.

"ಅಕ್ಕ, ನಾನು ಗುಡ್ಡೆ ಮೇಲಿಂದ ಹೊಟ್ಟು ಬಿಡ್ತೀನಿ, ಅಪ್ಪ ಮೋರಿ ಹತ್ರ ಇರ್ತಾರೆ. ಕಟ್ಟೆ ಹತ್ರ ನಿಲ್ಲೋಕೆ ಇನ್ನೊಬ್ಬರು ಬೇಕು," ಎಂದಳು. ಮಗುವಿಗೆ ನೆಗಡಿಯಾದರೆ ಎಂದು ನಾನು ಹತ್ತು ಸಲ ಹೇಳಿದೆ. ಹೇಳುತ್ತಲೇ ಲಿಖಿತಾಗೆ ಎರಡು ಸ್ವೆಟರ್ ಹಾಕಿ ಆಟೋ ಹತ್ತಿದೆ.

ಕಟ್ಟೆಯ ಬಳಿ ಕೊಡೆ ಹಿಡಿದು ನಿಂತೆ. ಮಳೆ ಹನಿಗೆ ಇಳಿದಿತ್ತು. ಪಕ್ಕದ ಕೇರಿಯ ಜವರಮ್ಮ ಎಂಬ ಮುದುಕಿ ಬಾವಿಯಿಂದ ನೀರು ಸೇದುತ್ತಿದ್ದರು. "ಯಾರವ್ವ ನೀನು, ಮಗೀನ ಎತ್ಕೊಂಡು ಮಳೇಲಿ ನಿಂತಿದ್ದೀಯೆ? ಗಂಡನ ಕೂಟೆ ಜಗಳ ಆಡ್ಕಂಡು ಬಂದ್ಯಾ?" ಎಂದರು. ಅಷ್ಟರಲ್ಲಿ ಕೆಂಪು ನೀರು ಕಟ್ಟೆಗೆ ನುಗ್ಗಿತು. ಅದರ ಮೇಲೆ ಹಳದಿ ಹೊಟ್ಟು. ಮೊದಲು ಒಂದು ಹಿಡಿಯಷ್ಟು, ಆಮೇಲೆ ಕಟ್ಟೆಯ ತುಂಬ.

"ಯಾವಳು ನಮ್ ನೀರಿಗೆ ಅರಿಶಿನ ಕದಡಿದ್ದು?" ಎಂದು ಜವರಮ್ಮ ಬೈಯತೊಡಗಿದರು. ಕಟ್ಟೆ ತುಂಬಿದರೆ ಆ ಬಾವಿಗೆ ಒರತೆ ಎಂದು ಅವರೇ ಹೇಳಿದರು. ಅರ್ಧ ಮೈಲಿ ದೂರದ ಗುಡ್ಡೆಯ ನೀರು ಈ ಮುದುಕಿಯ ಕೊಡಕ್ಕೆ ಬಂದು ಸೇರುತ್ತಿತ್ತು. ಹೊಟ್ಟಿನ ಜಾಗದಲ್ಲಿ ಒಂದು ಊರಿನ ಕಸ ತೊಳೆದ ನೀರನ್ನು ನೆನೆದು ಮಗುವನ್ನು ಅಪ್ಪಿಕೊಂಡೆ.

ಹಾಗಿದ್ದರೂ ಮನೆಗೆ ಬಂದ ಮೇಲೆ ನಾನು ಹೇಳಿದ್ದು ಬೇರೆ. "ಪರೀಕ್ಷೆ ಮುಗಿದು ಹೋಗಲಿ. ಕೆಲಸಕ್ಕೆ ಸೇರಿದ ಮೇಲೆ ಕಚೇರಿಗೆ ಒಂದು ಕಾಗದ ಬರೆದರಾಯ್ತು. ಈಗ ಯಾರು ಮೋರಿ ನೋಡ್ತಾರೆ?" ಅವಳ ಒಳ್ಳೆಯದಕ್ಕೇ ಹೇಳಿದೆ ಅಂದುಕೊಂಡಿದ್ದೆ.

ಯಶೋಧರಾ ಒದ್ದೆ ಕೂದಲು ಒರೆಸಿಕೊಳ್ಳುತ್ತಾ, "ಡಿಗ್ರಿ ಸಿಕ್ಕಿದ ಪ್ರಬಂಧದ ಪುಸ್ತಕಾನೇ ಅಕ್ಕ ಅವರು ಕಚೇರೀಲಿ ಇಟ್ಕೊಳ್ಳೋದು. ಕಾಗದ ಅಲ್ಲ," ಎಂದಳು. ಚಲುವಯ್ಯ ಹೀಗೆ ಮಾಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಊರಿನ ಬಸ್ಸಿಗೆ ಹೊರಟರು.

ಜೂನ್ ಹತ್ತರಂದು ಅವಳು ಪರೀಕ್ಷಕರ ಮುಂದೆ ಮೊದಲ ಮಾತಿನಲ್ಲೇ, ಜಾಗ ಆರಿಸಿದ ತನ್ನ ನಾಲ್ಕನೇ ಅಧ್ಯಾಯ ತಪ್ಪು, ತಾನು ಮಳೆಯಲ್ಲಿ ಜಾಗ ನೋಡಿರಲಿಲ್ಲ ಎಂದಳಂತೆ. ಮಾರ್ಗದರ್ಶಕರಿಗೆ ಸಿಟ್ಟು ಬಂತಂತೆ. ಸಂಜೆ ಏಳರ ಬಸ್ಸಿಗೆ ಅವಳು ಬರುವವರೆಗೂ ನಾನು ಗೇಟಿಗೂ ಅಡುಗೆಮನೆಗೂ ತಿರುಗುತ್ತಿದ್ದೆ.

"ಏನಾಯ್ತೇ?"

"ಆರು ತಿಂಗಳು ಕೊಟ್ರು ಅಕ್ಕ. ಮಳೆಗಾಲ ಪೂರ್ತಿ ನೋಡಿ ಬರಿ ಅಂದ್ರು."

"ಕೆಲಸ?"

"ಅಲ್ಲಿಂದಲೇ ಫೋನ್ ಮಾಡಿ ಹೇಳ್ಬಿಟ್ಟೆ, ಬೇರೆಯವರನ್ನ ತಗೊಳ್ಳಿ ಅಂತ."

ಕಳೆದುಕೊಂಡವಳ ದನಿಯಾಗಿರಲಿಲ್ಲ ಅದು. ಕಣ್ಣು ಮಾತ್ರ ಕೆಂಪಾಗಿತ್ತು, ಬಸ್ಸಿನಲ್ಲಿ ಅತ್ತಿರಬೇಕು. ನನಗಿಂತ ಐದು ವರ್ಷ ಚಿಕ್ಕವಳು. ನಾನು ಅವಳಿಗೆ ಊಟಕ್ಕೆ ಬಾ ಎಂದೆ.

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ನೇರ ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ನನಗಾಗಿ ಎಳೆದಳು. "ಊಟ ಆಮೇಲೆ ಮಾಡನ ಅಕ್ಕ. ಆ ಎರಡನೇ ಜಾಗದ ಅಂಕ ಮೊದಲು ತೆಗೆದುಬಿಡಿ."